ಮೌತ್ ಆರ್ಗನ್ ಆಗಬಹುದು, ಪಿಯಾನೋ ಬೇಡ

ಪಕ್ಕದ ಮನೆಯ ಮೇಷ್ಟ್ರಿಗೆ ಅಮೆರಿಕದಲ್ಲಿ ಮೋಸವಾಗಿದೆಯಂತೆ. ದುಡ್ಡಿನ ಮೋಸವಲ್ಲ. ಎಡಿಸನ್ನಿನಲ್ಲಿರುವ ಮಗ ಅಪ್ಪ ಅಮ್ಮನನ್ನು ಪಿಟ್ಸ್‌ಬರ್ಗಿನ ವೆಂಕಟೇಶ್ವರನ ದರ್ಶನಕ್ಕೆಂದು ಕಾರಿನಲ್ಲಿ ಕೂರಿಸಿಕೊಂಡು ಹೊರಟವನು, ದಾರಿಯಲ್ಲಿ ಹರ್ಷಿಯ ಚಾಕೊಲೇಟ್ ಊರು, ಅದಕ್ಕೂ ಮೊದಲು ಲ್ಯಾಂಕಾಸ್ಟರ್ ಕೌಂಟಿಯ ಆಮಿಶ್ ಎಂಬ ಕ್ರೈಸ್ತ ಪಂಗಡದ ಜನ, ಎಲ್ಲವನ್ನೂ ತೋರಿಸಿದನಂತೆ. ನ್ಯೂಜೆರ್ಸಿಯ ಮಕ್ಕಳು ಊರಿಂದ ಬಂದ ಹೆತ್ತವರಿಗೆ ಮಾಡಿಸುವ ಮಾಮೂಲು ತೀರ್ಥಯಾತ್ರೆ ಅದು. "ಕರೆಂಟಿಲ್ಲ, ಕಾರಿಲ್ಲ, ಫೋನಿಲ್ಲ, ಮುನ್ನೂರು ವರ್ಷದ ಹಿಂದೆ ಹೇಗಿದ್ದರೋ ಹಾಗೇ ಇದ್ದಾರಪ್ಪ" ಅಂತ ಮಗ ಮೊದಲೇ ಹೇಳಿಬಿಟ್ಟಿದ್ದ. ಮೇಷ್ಟ್ರು ಇಳಿದು ನೋಡಿದರೆ, ಗಡ್ಡ, ಹುಲ್ಲಿನ ಟೋಪಿ ಎಲ್ಲ ಸರಿಯಾಗೇ ಇದ್ದ ಒಬ್ಬ ಮನುಷ್ಯ ಕುಂಬಳಕಾಯಿ ರಾಶಿಯ ಹಿಂದೆ ನಿಂತು ಮೊಬೈಲಿನಲ್ಲಿ ಮಾತಾಡುತ್ತಿದ್ದ. ಸ್ವಲ್ಪ ಹೊತ್ತಿಗೆ ಒಂದು ಕುದುರೆ ಗಾಡಿ ಹಾದುಹೋಯಿತು. ಒಳಗಿಂದ ಗಿಟಾರು, ಡ್ರಮ್ಮು ಸಮೇತ ಯಾವುದೋ ಹಾಡು ಡಬಡಬ ಬಡಿಯುತ್ತಿತ್ತು.

"ನಾಟಕ ಸ್ವಾಮೀ, ಬರೀ ನಾಟಕ" ಅಂದರು, ಕಾಂಪೌಂಡಿನ ಆಚೆ ದಾಸವಾಳದ ಗಿಡಕ್ಕೆ ನೀರು ಬಿಡುತ್ತಾ. "ಬೇಡ ಅಂದ ಮೇಲೆ ಬೇಡ ತಾನೇ? ಟೂರಿಸ್ಟುಗಳಿಗೋಸ್ಕರ ವೇಷ ಹಾಕ್ಕೊಂಡು ನಿಂತಿರ್ತಾರೆ."

"ಟಿಕೆಟ್ ತಗೊಂಡಿದ್ರಾ ಮೇಷ್ಟ್ರೇ?"

"ಯಾತರ ಟಿಕೆಟ್ಟು? ರಸ್ತೇಲಿ ನಿಂತು ನೋಡಿದ್ದು."

"ಮತ್ತೆ ದುಡ್ಡು ವಾಪಸ್ ಕೇಳೋರ ಹಾಗೆ ಮಾತಾಡ್ತಿದ್ದೀರಲ್ಲ!"

ಅವರಿಗೆ ಸ್ವಲ್ಪ ಬಿಸಿ ತಾಗಿತು. ತಾಗಲಿ ಅಂತಲೇ ಹೇಳಿದ್ದು. ನಾನು ಪೆನ್ಸಿಲ್ವೇನಿಯಾ ಸರ್ಕಾರದ ಕಂಪ್ಯೂಟರ್ ಕೆಲಸಕ್ಕೆ ಗುತ್ತಿಗೆಯ ಮೇಲೆ ಹೋಗಿ ಕೆಲವು ವರ್ಷ ಹ್ಯಾರಿಸ್‌ಬರ್ಗಿನಲ್ಲಿ ಇದ್ದವನು. ಲ್ಯಾಂಕಾಸ್ಟರ್ ಅಲ್ಲಿಂದ ಮುಕ್ಕಾಲು ಗಂಟೆ ದಾರಿ. ಶನಿವಾರ ತರಕಾರಿ, ಹಾಲು, ಬೆಣ್ಣೆ ತರಲು ಆ ಕಡೆ ಹೋಗುವ ಅಭ್ಯಾಸ ಮಾಡಿಕೊಂಡಿದ್ದೆ. ಹಾಗಾಗಿ ಆಮಿಶರ ಪರವಾಗಿ ವಕಾಲತ್ತು ವಹಿಸುವ ಹಕ್ಕು ನನಗಿದೆ ಅಂತ ನಾನೇ ಅಂದುಕೊಂಡಿದ್ದೇನೆ. ಅವರೇನೂ ನನ್ನನ್ನು ನೇಮಿಸಿಲ್ಲ.

ಮೊದಲು ಫೋನಿನ ಕಥೆ. ಬೇಡ ಅಂದವರು ಅದನ್ನು ನೋಡದೆ ಬೇಡ ಅಂದವರಲ್ಲ. ಫೋನು ಹಳ್ಳಿಗೆ ಕಾಲಿಟ್ಟ ಹೊಸತರಲ್ಲಿ ಕೆಲವು ಆಮಿಶ್ ಮನೆಗಳೂ ತಂತಿ ಎಳೆಸಿಕೊಂಡಿದ್ದವು. ಆಗ ಒಂದೇ ಲೈನಿಗೆ ಹಲವು ಮನೆ. ಒಬ್ಬರು ಮಾತಾಡಿದರೆ ಉಳಿದವರು ರಿಸೀವರ್ ಎತ್ತಿ ಕಿವಿಗೊಡಬಹುದು. ಕಿವಿಗೊಟ್ಟರು, ಚಾಡಿ ಹಬ್ಬಿತು. 1910ರ ಸುಮಾರಿಗೆ ಲ್ಯಾಂಕಾಸ್ಟರಿನಲ್ಲಿ ಅವರ ಧರ್ಮಸಭೆಯೇ ಒಡೆದು ಹೋಯಿತು. ಒಡೆದ ಕಾರಣಗಳಲ್ಲಿ ಫೋನೂ ಒಂದು. ಉಳಿದವರು ಮನೆಯೊಳಗೆ ಫೋನು ಬೇಡ ಅಂತ ನಿಂತರು. ಆದರೆ ಹಸು ಕರು ಹಾಕಲಾರದೆ ಒದ್ದಾಡುವಾಗ ಡಾಕ್ಟರನ್ನು ಕರೆಯಬೇಡವೇ? ಅದಕ್ಕೆ ಹೊಲದ ಅಂಚಿನಲ್ಲಿ ಮರದ ಗೂಡು ಕಟ್ಟಿ, ನಾಲ್ಕಾರು ಮನೆಗೆ ಸೇರಿ ಒಂದು ಫೋನು ಇಟ್ಟರು. ನಾನು ತರಕಾರಿ ತರುತ್ತಿದ್ದ ತೋಟದ ಪಕ್ಕದಲ್ಲೇ ಒಂದಿತ್ತು. ಹೊರಗಿಂದ ನೋಡಿದರೆ ನಮ್ಮ ಹಳ್ಳಿಗಳ ಹೊರಪಾಯಖಾನೆ ಅಂದುಕೊಳ್ಳಬೇಕು. ಒಳಗೆ ಒಂದು ಹಲಗೆ, ಅದರ ಮೇಲೆ ಫೋನು, ಗೋಡೆಗೆ ಬೀಜದ ಅಂಗಡಿಯ ಕ್ಯಾಲೆಂಡರು, ಯಾರು ಎಷ್ಟು ಮಾತಾಡಿದರು ಅಂತ ಬರೆದಿಡಲು ಒಂದು ನೋಟ್‌ಬುಕ್ಕು, ಅದಕ್ಕೆ ದಾರ ಕಟ್ಟಿ ನೇತುಬಿಟ್ಟ ಪೆನ್ಸಿಲ್ಲು. ಕೂರಲು ಕುರ್ಚಿ ಇಲ್ಲ. ಚಳಿಗಾಲದಲ್ಲಿ ಅಲ್ಲಿ ನಿಂತು ಹರಟೆ ಕೊಚ್ಚುವವನು ಇನ್ನೂ ಹುಟ್ಟಿಲ್ಲ.

"ಒಟ್ಟಿನಲ್ಲಿ ಫೋನು ಉಂಟು" ಅಂದರು ಮೇಷ್ಟ್ರು.

ಉಂಟು. ಊಟದ ಹೊತ್ತಿನಲ್ಲಿ ಬಡಿದುಕೊಳ್ಳುವ ಫೋನು ಇಲ್ಲ. ಫೋನು ಮನೆಯೊಳಗೆ ಬಂದರೆ ಜನ ಮನೆಗೆ ಬರುವುದು ನಿಲ್ಲುತ್ತದೆ ಅನ್ನುವುದು ಅವರ ಲೆಕ್ಕ. ಈ ಲೆಕ್ಕ ತಪ್ಪು ಅಂತ ಹೇಳುವ ಧೈರ್ಯ, ಎದುರುಮನೆಯವರಿಗೆ ವಾಟ್ಸಾಪಿನಲ್ಲಿ ಸಂಕ್ರಾಂತಿಯ ಶುಭಾಶಯ ಕಳಿಸಿ ಕೈತೊಳೆದುಕೊಳ್ಳುವ ನಮಗಂತೂ ಬೇಡ.

ಕರೆಂಟಿನ ಕಥೆಯೂ ಹೆಚ್ಚುಕಡಿಮೆ ಇದೇ. 1920ರ ಹೊತ್ತಿಗೆ ಲ್ಯಾಂಕಾಸ್ಟರಿನವರು ಊರಿನ ಲೈನಿನಿಂದ ಮನೆಗೆ ತಂತಿ ಎಳೆಯುವುದು ಬೇಡ ಅಂದರು. ಬ್ಯಾಟರಿ ಬೇಡ ಅನ್ನಲಿಲ್ಲ. ತಂತಿ ಬಂತೆಂದರೆ ಅದರ ಹಿಂದೆಯೇ ರೇಡಿಯೋ ಬರುತ್ತದೆ, ಆಮೇಲೆ ಇನ್ನೇನೇನೋ ಬರುತ್ತದೆ, ಕೊನೆಗೆ ಬಾಗಿಲು ಹಾಕಲು ಆಗುವುದಿಲ್ಲ ಅಂತ. ಹಾಗಂತ ಕೈಕಟ್ಟಿ ಕೂತರೇ? ಡೀಸೆಲ್ ಇಂಜಿನ್ನಿನಿಂದ ಗಾಳಿಯನ್ನು ಟ್ಯಾಂಕಿಗೆ ಒತ್ತಿ ತುಂಬಿಸಿ, ಆ ಗಾಳಿಯಲ್ಲೇ ಗರಗಸ, ಹೊಲಿಗೆ ಯಂತ್ರ, ಬಟ್ಟೆ ಒಗೆಯುವ ಮಷೀನು ಓಡಿಸುತ್ತಾರೆ. ಫ್ರಿಜ್ಜು ಗ್ಯಾಸಿನದು. ಅಂಗಡಿಯಿಂದ ತಂದ ಮಿಕ್ಸಿಯ ಮೋಟಾರು ಕಿತ್ತು ಗಾಳಿಯ ಮೋಟಾರು ಕೂರಿಸಿಕೊಡುವ ಮೆಕಾನಿಕ್ಕುಗಳು ಅವರಲ್ಲೇ ಇದ್ದಾರೆ.

ಮಿಕ್ಸಿ ಅಂದದ್ದೇ ತಡ, ಮೇಷ್ಟ್ರ ಹೆಂಡತಿ ಸೊಪ್ಪು ಬಿಡಿಸುತ್ತಿದ್ದ ಮೊರ ಸಮೇತ ಗೋಡೆಯ ಬಳಿ ಬಂದರು. "ಗಾಳೀಲಿ ಓಡೋ ಮಿಕ್ಸಿಯಾ? ಚಟ್ನಿ ನುಣ್ಣಗಾಗುತ್ತಾ?" ಚಟ್ನಿಯ ವಿಚಾರ ನನಗೆ ಗೊತ್ತಿಲ್ಲ, ಆದರೆ ಕೇಕಿನ ಹಿಟ್ಟು ಕಲಸುತ್ತದೆ ಅಂದೆ. ಹಿಟ್ಟು ಕಲಸೋದು ಏನು ಮಹಾ ಅಂತ ಅವರು ಮುಖ ತಿರುಗಿಸಿದರು.

ಹಾಲಿನ ಪ್ರಸಂಗ ಕೇಳಿದರೆ ಇವರ ರೀತಿ ಇನ್ನೂ ಚೆನ್ನಾಗಿ ತಿಳಿಯುತ್ತದೆ. 1960ರ ದಶಕದ ಕೊನೆಗೆ ಡೇರಿಯವರು, ಇನ್ನು ಕ್ಯಾನಿನ ಹಾಲು ಬೇಡ, ತಂಪು ಮಾಡುವ ದೊಡ್ಡ ಟ್ಯಾಂಕು ಹಾಕಿಸಿ ಅಂದರು. ಟ್ಯಾಂಕು ಅಂದರೆ ಕರೆಂಟು. ಕರೆಂಟು ಬೇಡ ಅಂದರೆ ಹೊಟ್ಟೆಪಾಡು ಹೋಯಿತು. ಹಿರಿಯರು ಡೇರಿಯವರೊಡನೆ ಕೂತು ಚೌಕಾಶಿ ಮಾಡಿದರು: ಡೀಸೆಲ್ಲಿನಿಂದ ತಂಪು ಮಾಡುತ್ತೇವೆ, ಹಾಲು ಕಲಕುವ ಮೋಟಾರನ್ನು 12 ವೋಲ್ಟಿನ ಬ್ಯಾಟರಿಯಿಂದ ತಿರುಗಿಸುತ್ತೇವೆ, ಆದರೆ ಭಾನುವಾರ ನಿಮ್ಮ ಲಾರಿ ನಮ್ಮ ಅಂಗಳಕ್ಕೆ ಬರಕೂಡದು. ಡೇರಿಯವರು ಒಪ್ಪಿದರು. ಇದನ್ನು ಆಷಾಢಭೂತಿತನ ಅನ್ನುತ್ತೀರೋ, ಸಂಸಾರವಂದಿಗರ ಜಾಣತನ ಅನ್ನುತ್ತೀರೋ? ನಾನು ಎರಡನೆಯದನ್ನು ಅನ್ನುತ್ತೇನೆ.

ಮೇಷ್ಟ್ರು ಬಗ್ಗಲಿಲ್ಲ. "ಮಿಕ್ಸಿ ಹಾಲು ಎಲ್ಲ ಸರಿ, ಹೊಟ್ಟೆಗಾಯ್ತು. ಗಾಡೀಲಿ ಹಾಡು ಯಾಕ್ರೀ? ಸಂಗೀತವೇ ಪಾಪ ಅಂತಾರಂತಲ್ಲ ಅವರು?"

ಇಲ್ಲೇ ಎಲ್ಲರೂ ಎಡವುವುದು. ಸಂಗೀತ ಪಾಪವಾಗಿದ್ದರೆ ಅವರು ಹೋದ ಪ್ರತಿ ಪೂಜೆಯಲ್ಲೂ ಗಂಟೆಗಟ್ಟಲೆ ಹಾಡುತ್ತಿರಲಿಲ್ಲ. ಅವರಿಗೆ ಚರ್ಚಿನ ಕಟ್ಟಡವಿಲ್ಲ. ಇಪ್ಪತ್ತರಿಂದ ನಲವತ್ತು ಮನೆಗೆ ಒಂದು ಸಭೆ. ಎರಡು ವಾರಕ್ಕೊಮ್ಮೆ ಸರದಿಯ ಮೇಲೆ ಒಬ್ಬರ ಮನೆಯಲ್ಲೋ ಕೊಟ್ಟಿಗೆಯಲ್ಲೋ ಸೇರುತ್ತಾರೆ. ಬೆಂಚುಗಳು ಮನೆಯಿಂದ ಮನೆಗೆ ಅದಕ್ಕೆಂದೇ ಇರುವ ಗಾಡಿಯಲ್ಲಿ ಹೋಗುತ್ತವೆ, ಹಾಡಿನ ಪುಸ್ತಕಗಳೂ ಜೊತೆಗೆ. ಆ ಪುಸ್ತಕದ ಹೆಸರು 'ಆಸ್‌ಬುಂಡ್'. ಅದರ ಬೇರು ಜರ್ಮನಿಯ ಪಸ್ಸಾವ್ ಕೋಟೆಯ ನೆಲಮಾಳಿಗೆಯಲ್ಲಿ. ದೊಡ್ಡವರಾದ ಮೇಲೆ ಬುದ್ಧಿ ತಿಳಿದೇ ದೀಕ್ಷಾಸ್ನಾನ ಪಡೆಯಬೇಕು, ಹಸುಗೂಸಿಗೆ ಕೊಡುವುದು ಸಲ್ಲದು ಅಂದ ತಪ್ಪಿಗೆ 1535ರಲ್ಲಿ ಒಂದಷ್ಟು ಜನರನ್ನು ಹಿಡಿದು ಅಲ್ಲಿಗೆ ತಳ್ಳಿದರು. ಕೆಲವರು ಸೆರೆಯಲ್ಲೇ ಸತ್ತರು. ಸಾಯುವ ಮೊದಲು ಹಾಡು ಕಟ್ಟಿದರು. ಆ ಹಾಡುಗಳು 1564ರಲ್ಲಿ ಅಚ್ಚಾದವು, ಮುಂದೆ ಬೆಳೆದು ಈ ಪುಸ್ತಕವಾಯಿತು, 1742ರಲ್ಲಿ ಪೆನ್ಸಿಲ್ವೇನಿಯಾದ ಜರ್ಮನ್‌ಟೌನಿನಲ್ಲೂ ಮುದ್ರಣ ಕಂಡಿತು. ಇವತ್ತಿಗೂ ಅದೇ ಪುಸ್ತಕ. ಬರೀ ಸಾಹಿತ್ಯ, ಸ್ವರಲಿಪಿ ಒಂದು ಗೆರೆಯೂ ಇಲ್ಲ. ಧಾಟಿಯೆಲ್ಲ ಕಿವಿಯಿಂದ ಕಿವಿಗೆ ಬಂದದ್ದು.

ಒಮ್ಮೆ ಬೇಸಿಗೆಯ ಭಾನುವಾರ ಒಂದು ಹೊಲದ ಪಕ್ಕ ಬೂದು ಬಣ್ಣದ ಕುದುರೆ ಗಾಡಿಗಳು ಸಾಲಾಗಿ ನಿಂತಿದ್ದವು. ಮನೆಯ ಕಿಟಕಿಗಳು ತೆರೆದಿದ್ದವು. ನಾನು ಕಾರು ದೂರದಲ್ಲಿ ನಿಲ್ಲಿಸಿ ಗಾಜು ಇಳಿಸಿದೆ. ಒಬ್ಬ ಗಂಡಸಿನ ದನಿ ಒಂದೇ ಒಂದು ಅಕ್ಷರವನ್ನು ಎತ್ತಿ, ಬಾಗಿಸಿ, ಇಳಿಸಿತು. ಅದು ಮುಗಿಯುವಷ್ಟರಲ್ಲಿ ಮನೆಯೊಳಗಿದ್ದವರೆಲ್ಲ ಒಟ್ಟಿಗೆ ಸೇರಿಕೊಂಡರು. ಗಂಡಸರು, ಹೆಂಗಸರು, ಮಕ್ಕಳು, ಎಲ್ಲರದೂ ಒಂದೇ ಸ್ವರ. ಶ್ರುತಿಪೆಟ್ಟಿಗೆ ಇಲ್ಲ, ತಾಳ ಇಲ್ಲ. ಒಂದೊಂದು ಅಕ್ಷರಕ್ಕೆ ನಾಲ್ಕಾರು ಸ್ವರ ಎಳೆಯುತ್ತಾ, ಒಂದು ಸಾಲು ಮುಗಿಯುವ ಹೊತ್ತಿಗೆ ನಾನು ಮನಸ್ಸಿನಲ್ಲೇ ಧಾರವಾಡಕ್ಕೆ ಹೋಗಿ ಬಂದಿದ್ದೆ. ವಿಲಂಬಿತ್ ಖಯಾಲಿನಲ್ಲಿ ಮಾತು ಕರಗಿ ಬರೀ ನಾದ ಉಳಿಯುತ್ತದಲ್ಲ, ಹಾಗೆ. ಪ್ರತಿ ಪೂಜೆಯಲ್ಲೂ ಎರಡನೆಯದಾಗಿ ಹಾಡುವ ಸ್ತುತಿಯೊಂದಿದೆ. ನಾಲ್ಕೇ ನುಡಿ, ನುಡಿಗೆ ಏಳು ಸಾಲು. ಮುಗಿಯಲು ಇಪ್ಪತ್ತು ನಿಮಿಷ ಬೇಕು. ಕಟ್ಟುನಿಟ್ಟು ಜಾಸ್ತಿ ಇರುವ ಪಂಗಡಗಳು ಇನ್ನೂ ನಿಧಾನ.

ಇದನ್ನು ಕೇಳಿ ತಲೆಕೆಡಿಸಿಕೊಂಡ ವಿದ್ವಾಂಸರೂ ಇದ್ದಾರೆ. ಜಾರ್ಜ್ ಪುಲ್ಲೆನ್ ಜ್ಯಾಕ್ಸನ್ ಎಂಬುವರು 1945ರಲ್ಲಿ ಬರೆದ ಲೇಖನದಲ್ಲಿ, ಇವೆಲ್ಲ ಮೂಲದಲ್ಲಿ ಚುರುಕಾದ ಜನಪದ ಧಾಟಿಗಳೇ, ತಲೆಮಾರುಗಳ ಬಾಯಲ್ಲಿ ನಿಧಾನವಾಗುತ್ತಾ ಹೋಗಿ ನಡುವಿನ ಜಾಗದಲ್ಲೆಲ್ಲ ಸ್ವರಗಳು ತುಂಬಿಕೊಂಡವು ಅಂತ ವಾದಿಸಿದರು. 1957ರಲ್ಲಿ ಇದೇ ಹಾಡುಗಳ ಬಗ್ಗೆ ಬರೆದ ಇನ್ನೊಬ್ಬರು ಬ್ರೂನೋ ನೆಟ್ಲ್. ಅವರು 1980ರ ದಶಕದ ಆರಂಭದಲ್ಲಿ ನಮ್ಮ ಕರ್ನಾಟಕ ಸಂಗೀತ ಅಭ್ಯಾಸ ಮಾಡಲು ಮದ್ರಾಸಿಗೂ ಬಂದು ಕೂತಿದ್ದರು. ಆಮಿಶರ ಎಳೆತ, ನಮ್ಮ ಗಮಕ, ಎರಡನ್ನೂ ಹತ್ತಿರದಿಂದ ಕೇಳಿದ ಕಿವಿ ಅದು.

"ಸರಿ, ಒಂದು ಹಾರ್ಮೋನಿಯಮ್ಮಾದರೂ ಇಟ್ಕೋಬಾರದಾ?" ಅಂದರು ಮೇಷ್ಟ್ರು.

ಪೂಜೆಯಲ್ಲಿ ವಾದ್ಯ ಕೂಡದು. ನಮ್ಮವರಿಗೆ ಕಷ್ಟವಾಗುವ ಮಾತು ಇನ್ನೊಂದಿದೆ: ಒಬ್ಬರು ಮಂದ್ರದಲ್ಲಿ, ಒಬ್ಬರು ತಾರದಲ್ಲಿ ಬೇರೆ ಬೇರೆ ಸ್ವರ ಹೆಣೆದು ಹಾಡುವ ಪಾಶ್ಚಾತ್ಯರ ಹಾರ್ಮನಿಯೂ ಅಲ್ಲಿ ಕೂಡದು. ಯಾಕೆ? ಹೆಣೆದು ಹಾಡಿದರೆ ಯಾರ ದನಿ ಚೆನ್ನಾಗಿದೆ ಅಂತ ಗೊತ್ತಾಗಿಬಿಡುತ್ತದೆ. ಗೊತ್ತಾದರೆ ಹಮ್ಮು ಬರುತ್ತದೆ. ಹಾಡು ಎತ್ತಿಕೊಡುವವನೂ ಎದ್ದು ಮುಂದೆ ಬಂದು ನಿಲ್ಲುವುದಿಲ್ಲ, ಕೂತ ಜಾಗದಿಂದಲೇ ಎತ್ತುತ್ತಾನೆ. ನೀವು ಎತ್ತಿ, ಇಲ್ಲ ನೀವು ಎತ್ತಿ ಅಂತ ಒಬ್ಬರಿಗೊಬ್ಬರು ತಳ್ಳಿಕೊಳ್ಳುವುದೇ ಅಲ್ಲಿ ಮರ್ಯಾದೆ.

ಮೇಷ್ಟ್ರು ಹುಬ್ಬೇರಿಸಿದರು. ಅವರ ಹೆಂಡತಿ ಮಾತ್ರ ತಟ್ಟನೆ ತಲೆದೂಗಿದರು. ಬಡಾವಣೆಯ ಭಜನಾ ಮಂಡಳಿಯನ್ನು ನಡೆಸುವವರು ಅವರೇ. "ಇದು ನಂಗೆ ಅರ್ಥ ಆಯ್ತು ನೋಡಿ. ಮೈಕು ಬಂದ ದಿನದಿಂದ ನಮ್ಮ ಮಂಡಳೀಲಿ ಭಜನೆ ಹೋಯ್ತು. ಎಲ್ಲರಿಗೂ ಮೈಕಿನ ಪಕ್ಕದ ಜಾಗವೇ ಬೇಕು." ನಾನು ಇಷ್ಟು ಹೊತ್ತು ಆಸ್‌ಬುಂಡು, ಪಸ್ಸಾವ್ ಅಂತ ಕೊರೆದದ್ದನ್ನು ಅವರು ಮೈಕಿನ ಒಂದು ಮಾತಲ್ಲಿ ಮುಗಿಸಿಬಿಟ್ಟರು.

ಆದರೆ ಪೂಜೆಯ ಆಚೆ? ಅಲ್ಲಿ ಬೇರೆ ಲೋಕ. ಮೌತ್ ಆರ್ಗನ್ ಅನೇಕ ಮನೆಗಳಲ್ಲಿ ಉಂಟು, ಅಜ್ಜಂದಿರ ಜೇಬಿನಲ್ಲೂ. ಪಿಯಾನೋ ಇಲ್ಲ. ಪಿಯಾನೋ ನಡುಮನೆಯಲ್ಲಿ ಕೂತು 'ನಮ್ಮ ಹುಡುಗಿ ನುಡಿಸ್ತಾಳೆ' ಅಂತ ಬಂದವರಿಗೆಲ್ಲ ಸಾರುತ್ತದೆ. ಮೌತ್ ಆರ್ಗನ್ ನುಡಿಸಿ ಮುಗಿದ ಮೇಲೆ ಜೇಬಿಗೆ ಹೋಗುತ್ತದೆ, ಅಷ್ಟೇ. ಭಾನುವಾರ ಸಂಜೆ ಹರೆಯದ ಹುಡುಗ ಹುಡುಗಿಯರು ಉದ್ದ ಮೇಜಿನ ಎರಡು ಬದಿಗೆ ಕೂತು ಹಾಡುತ್ತಾರೆ. ಆಗಿನ ಧಾಟಿಗಳು ಚುರುಕು. ಹಾಡು ಮುಗಿದ ಮೇಲೆ ಯಾರು ಯಾರ ಗಾಡಿಯಲ್ಲಿ ಮನೆಗೆ ಹೋಗುತ್ತಾರೆ ಅನ್ನುವುದೇ ಸಂಜೆಯ ಅಸಲು ವಿಷಯ. ಇಂಡಿಯಾನಾದ ಆಡಮ್ಸ್ ಕೌಂಟಿಯಲ್ಲಿ, ಸ್ವಿಟ್ಜರ್ಲೆಂಡಿನಿಂದ ತಡವಾಗಿ ಬಂದ ಕುಟುಂಬಗಳ ಆಮಿಶರು ಇವತ್ತಿಗೂ ಯೋಡೆಲ್ ಹಾಡುತ್ತಾರೆ, ಆಲ್ಪ್ಸ್ ಬೆಟ್ಟಗಳಲ್ಲಿ ದನಿಯನ್ನು ಎದೆಯಿಂದ ತಲೆಗೆ ಜಿಗಿಸಿ ಕೂಗುತ್ತಾರಲ್ಲ, ಅದು. ಬೆಟ್ಟವೇ ಇಲ್ಲದ ಬಯಲು ಸೀಮೆಯಲ್ಲಿ ಆ ಜಿಗಿತ ಉಳಿದುಕೊಂಡಿದೆ.

ಮೇಷ್ಟ್ರು ನೋಡಿದ ಗಾಡಿಯ ಹುಡುಗನ ಲೆಕ್ಕ ಇನ್ನೂ ಬೇರೆ. ಹದಿನಾರು ತುಂಬಿ ದೀಕ್ಷೆ ಪಡೆಯುವ ತನಕದ ವರ್ಷಗಳಲ್ಲಿ ಅವನು ಸಭೆಯ ಸದಸ್ಯನೇ ಅಲ್ಲ, ಅಲ್ಲಿನ ಕಟ್ಟಳೆ ಅವನಿಗೆ ಪೂರ್ತಿ ಅನ್ವಯಿಸುವುದಿಲ್ಲ. ಬ್ಯಾಟರಿಗೆ ಸ್ಪೀಕರು ಜೋಡಿಸಿ ಗಾಡಿಯಲ್ಲಿ ಹಾಡು ಹಾಕುತ್ತಾನೆ, ಅಪ್ಪ ನೋಡಿಯೂ ನೋಡದವನಂತೆ ಇರುತ್ತಾನೆ. ಬುದ್ಧಿ ತಿಳಿದು ಒಪ್ಪಿಕೊಳ್ಳಬೇಕು ಅನ್ನುವುದಕ್ಕೇ ತಾನೇ ಹಿಂದಿನವರು ಆ ನೆಲಮಾಳಿಗೆಯಲ್ಲಿ ಸತ್ತದ್ದು? ಹತ್ತರಲ್ಲಿ ಎಂಟೂವರೆ ಪಾಲು ಹುಡುಗರು ಕೊನೆಗೆ ಒಪ್ಪಿಕೊಂಡೇ ಬಿಡುತ್ತಾರೆ. 1900ರ ಹೊತ್ತಿಗೆ ಐದಾರು ಸಾವಿರವಿದ್ದ ಜನ ಈಗ ಸುಮಾರು 4 ಲಕ್ಷ. ಇನ್ನೇನು ಕರಗಿಹೋಗುತ್ತಾರೆ ಅಂತ ಪಂಡಿತರು ಭವಿಷ್ಯ ನುಡಿದಿದ್ದರು. ಅವರ ಮೂಲ ನೆಲವಾದ ಯುರೋಪಿನಲ್ಲಿ ಮಾತ್ರ ಹಾಗೇ ಆಯಿತು. 1937ರ ಹೊತ್ತಿಗೆ ಅಲ್ಲಿನ ಕೊನೆಯ ಆಮಿಶ್ ಸಭೆಯೂ ಮೆನೊನೈಟ್ ಎಂಬ ಇನ್ನೊಂದು ಪಂಗಡದೊಡನೆ ಸೇರಿಹೋಯಿತು.

ಹೊರಗಿನವರ ಕಣ್ಣಿಗೆ ಎರಡೇ ಖಾನೆ. ಒಂದೋ ಇವರು ಮ್ಯೂಸಿಯಮ್ಮಿನ ಗೊಂಬೆ, ಇಲ್ಲವೋ ಡೋಂಗಿ. ಎರಡರ ನಡುವೆ ಕೂತು ಯೋಚನೆ ಮಾಡುವ ಮನುಷ್ಯ ಅಂತ ಮಾತ್ರ ಯಾರೂ ಅಂದುಕೊಳ್ಳುವುದಿಲ್ಲ. 1985ರ 'ವಿಟ್ನೆಸ್' ಸಿನಿಮಾ ನೆನಪಿದೆಯಲ್ಲ? ಹ್ಯಾರಿಸನ್ ಫೋರ್ಡ್ ಕೊಟ್ಟಿಗೆಯಲ್ಲಿ ಕಾರು ರಿಪೇರಿ ಮಾಡುವಾಗ ರೇಡಿಯೋಗೆ ಜೀವ ಬರುತ್ತದೆ, ಆಮಿಶ್ ವಿಧವೆಯ ಕೈಹಿಡಿದು ಕುಣಿಯುತ್ತಾನೆ. ಅಷ್ಟು ದಿನ ಹಾಡೇ ಕೇಳದವಳಿಗೆ ನಮ್ಮ ರೇಡಿಯೋ ಹಾಡು ಕೊಟ್ಟಿತು ಅನ್ನುವ ಹಾಗೆ! ಸಿನಿಮಾ ಚೆನ್ನಾಗಿದೆ, ನನಗೂ ಇಷ್ಟ; ಆದರೆ ಆ ಹೆಂಗಸಿನ ಗಂಟಲಲ್ಲಿ ಹದಿನಾರನೇ ಶತಮಾನದ ಹಾಡಿರುತ್ತದೆ ಅನ್ನುವುದು ಆ ದೃಶ್ಯದಲ್ಲಿ ಯಾರಿಗೂ ಹೊಳೆಯುವುದಿಲ್ಲ. 1996ರಲ್ಲಿ 'ವಿಯರ್ಡ್ ಅಲ್' ಯಾಂಕೋವಿಕ್ ಎಂಬ ಗಾಯಕ ಆಮಿಶರನ್ನು ಆಡಿಕೊಂಡು 'ಆಮಿಶ್ ಪ್ಯಾರಡೈಸ್' ಅಂತ ಅಣಕು ಹಾಡು ಮಾಡಿದ. ಅಮೆರಿಕವೆಲ್ಲ ನಕ್ಕಿತು. ಯಾರನ್ನು ಕುರಿತು ನಗುತ್ತಿದ್ದರೋ ಅವರ ಮನೆಯಲ್ಲಿ ಅದನ್ನು ಕೇಳಲು ರೇಡಿಯೋ ಇಲ್ಲ. ಹೀಗೆ ಬೈದರೆ ಬೈದವನಿಗೇ ನಷ್ಟ.

ನಮ್ಮವರೂ ಕಡಿಮೆಯಿಲ್ಲ. ಬೈಲುಕುಪ್ಪೆಗೆ ಹೋದವರು ಚಿನ್ನದ ಬುದ್ಧನ ಫೋಟೋ ಹೊಡೆದುಕೊಂಡು, ಆಮೇಲೆ ಮೊಬೈಲು ಹಿಡಿದ ಲಾಮಾನ ಫೋಟೋವನ್ನೂ ಹೊಡೆದು, 'ನೋಡಿ ಇವರ ವೈರಾಗ್ಯ' ಅಂತ ಗ್ರೂಪಿಗೆ ಹಾಕುತ್ತಾರೆ. ಮೊಬೈಲು ಬೇಡ ಅಂತ ಆ ಲಾಮಾ ಯಾವಾಗ ಹೇಳಿದ್ದ?

ಇಷ್ಟೆಲ್ಲ ಹೇಳಿದ್ದು ಕೇಳಿ ಮೇಷ್ಟ್ರು, "ಹಾಗಾದ್ರೆ ಸೇರ್ಕೊಂಡುಬಿಡಿ" ಅಂದರು. ಸೇರುವುದಿಲ್ಲ. ಅಲ್ಲಿ ಓದು ಎಂಟನೇ ತರಗತಿಗೆ ಮುಗಿಯುತ್ತದೆ. ಅಷ್ಟು ಸಾಕು ಅನ್ನುವ ಅವರ ಹಕ್ಕನ್ನು 1972ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ಎತ್ತಿಹಿಡಿಯಿತು. ಓದಬೇಕು ಅನ್ನುವ ಹುಡುಗಿಯ ಹಕ್ಕಿನ ಕಥೆ ಏನು ಅಂತ ಅಲ್ಲಿ ಒಬ್ಬ ನ್ಯಾಯಮೂರ್ತಿ ಮಾತ್ರ, ವಿಲಿಯಂ ಡಗ್ಲಸ್, ಭಾಗಶಃ ಭಿನ್ನಮತ ಬರೆದು ಕೇಳಿದರು. ನನಗೆ ಅವರ ಪ್ರಶ್ನೆಯೇ ಸರಿ ಅನಿಸುತ್ತದೆ. ದೀಕ್ಷೆ ಪಡೆದ ಮೇಲೆ ಬಿಟ್ಟು ಹೋದವನಿಗೆ ಬಹಿಷ್ಕಾರವಿದೆ. ಎಷ್ಟೋ ಮನೆಗಳಲ್ಲಿ ಹೆತ್ತ ತಾಯಿಯೂ ಅವನೊಡನೆ ಒಂದೇ ಮೇಜಿಗೆ ಕೂತು ಉಣ್ಣುವುದಿಲ್ಲ. ಹೆಂಗಸರಿಗೆ ಓಟಿದೆ, ಬೋಧಕ ಪಟ್ಟವಿಲ್ಲ. ಬೋಧಕನನ್ನು ಆರಿಸುವ ರೀತಿ ಮಾತ್ರ ವಿಚಿತ್ರ ಸೊಗಸು. ಓಟು ಬಂದ ಗಂಡಸರ ಸಂಖ್ಯೆಯಷ್ಟು ಹಾಡಿನ ಪುಸ್ತಕಗಳನ್ನು ಮೇಜಿನ ಮೇಲಿಟ್ಟು, ಒಂದರೊಳಗೆ ಮಾತ್ರ ಬೈಬಲ್ ವಾಕ್ಯದ ಚೀಟಿ ಸೇರಿಸಿರುತ್ತಾರೆ. ಚೀಟಿ ಸಿಕ್ಕವನು ಸಾಯುವ ತನಕ ಬೋಧಕ. ಸಂಬಳವಿಲ್ಲ, ರಾಜೀನಾಮೆಯೂ ಇಲ್ಲ. ಎಷ್ಟೋ ಸಲ ಚೀಟಿ ಸಿಕ್ಕವನು ಅಳುತ್ತಾನೆ.

ಅವರ ಕಟ್ಟಳೆ ಬರೆದಿಟ್ಟ ಗ್ರಂಥವಲ್ಲ. ವರ್ಷಕ್ಕೆ ಎರಡು ಸಲ ಕೂತು ಮಾತಾಡಿ ಒಪ್ಪಿಕೊಳ್ಳುವಂಥದ್ದು. ಎಲ್ಲರೂ ಒಪ್ಪಿದರೆ ಮಾತ್ರ ಮುಂದಿನ ಪ್ರಸಾದ. ಹಾಗಾಗಿ ಈ ಸಭೆಯಲ್ಲಿ ನಡೆಯುವುದು ಪಕ್ಕದ ಸಭೆಯಲ್ಲಿ ನಡೆಯುವುದಿಲ್ಲ. ಲ್ಯಾಂಕಾಸ್ಟರಿನವರು ಸೈಕಲ್ ಬೇಡ ಅಂದು ಕಾಲಲ್ಲಿ ತಳ್ಳುವ ಸ್ಕೂಟರಿನಲ್ಲಿ ಓಡಾಡುತ್ತಾರೆ; ಓಹಾಯೋದ ಹೋಮ್ಸ್ ಕೌಂಟಿಯಲ್ಲಿ ಕೆಲವರು ಬ್ಯಾಟರಿ ಸೈಕಲ್ಲೇ ಏರಿ, ಅದನ್ನು ಸೋಲಾರಿನಲ್ಲಿ ಚಾರ್ಜ್ ಮಾಡುತ್ತಾರೆ. ಸ್ಮಾರ್ಟ್‌ಫೋನು ಈಗ ಎಲ್ಲ ಸಭೆಗಳಿಗೂ ತಲೆನೋವು. ಗೂಡಿನಲ್ಲಿ ಕಟ್ಟಿಹಾಕಲು ಬಾರದ ಫೋನು ಅದು.

"ಎಲ್ಲಾ ಸರಿ" ಅಂದರು ಮೇಷ್ಟ್ರು. "ಕರೆಂಟು ಒಂದು ವಿಚಾರದಲ್ಲಾದರೂ ನಿಯತ್ತಾಗಿದ್ದಾರೆ ಅಂತಾಯ್ತು."

ಅವರಿಗೆ ಪೈನ್‌ಕ್ರಾಫ್ಟ್ ವಿಷಯ ಹೇಳಬಾರದಿತ್ತು. ಆದರೆ ನಾಲಿಗೆ ನಿಲ್ಲಬೇಕಲ್ಲ. ಫ್ಲಾರಿಡಾದ ಸರಸೋಟದಲ್ಲಿ ಪೈನ್‌ಕ್ರಾಫ್ಟ್ ಅಂತ ಒಂದು ಬಡಾವಣೆ. ಚಳಿಗಾಲ ಬಂತೆಂದರೆ ಓಹಾಯೋ, ಇಂಡಿಯಾನಾ, ಪೆನ್ಸಿಲ್ವೇನಿಯಾಗಳಿಂದ ಬಸ್ಸುಗಳಲ್ಲಿ ಆಮಿಶರು ಅಲ್ಲಿಗೆ ಬಂದಿಳಿಯುತ್ತಾರೆ. ಕುದುರೆ ಇಲ್ಲ, ಮೂರು ಗಾಲಿಯ ಸೈಕಲ್ಲುಗಳು. ಗಡ್ಡದ ಅಜ್ಜಂದಿರು, ಬಿಳಿ ಟೋಪಿಯ ಅಜ್ಜಿಯರು ಸಮುದ್ರಕ್ಕೆ ಹೋಗಿ ಬರುತ್ತಾರೆ, ಐಸ್‌ಕ್ರೀಮ್ ತಿನ್ನುತ್ತಾರೆ, ಸಂಜೆ ಹಾಡಿಗೆ ಕೂರುತ್ತಾರೆ. ಮನೆಗಳಲ್ಲಿ ಲೈಟು, ಫ್ಯಾನು, ಏಸಿ ಎಲ್ಲ ಇದೆ.

"ಅಂದ್ರೆ ಫ್ಲಾರಿಡಾದಲ್ಲಿ ದೇವರು ನೋಡಲ್ವಾ?" ಮೇಷ್ಟ್ರ ಮುಖ ಅರಳಿತು.

"ಬಹಳ ಜನಕ್ಕೆ ಅದು ಬಾಡಿಗೆ ಮನೆ ಮೇಷ್ಟ್ರೇ. ಕರೆಂಟು ಓನರ್‌ದು."

ಅವರ ಹೆಂಡತಿ ಸೊಪ್ಪಿನ ದಂಟು ಮುರಿಯುತ್ತಾ ಕೇಳಿದ್ದು ಒಂದೇ: "ತಿಂಗಳಿಗೆ ಬಾಡಿಗೆ ಎಷ್ಟಂತೆ?"